ಮಧುವಿನ ಎಡಗಾಲು

ಮಧು ತನ್ನ ಕಾಲುನೋವನ್ನು ಮುಚ್ಚಿಡಲಿಲ್ಲ. ನನಗೆ ಹೇಳಿದ್ದ. ಮುಚ್ಚಿಡು ಎಂದವನು ನಾನು.

ಇಷ್ಟು ಬರೆಯುವುದಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು. ಮಗ ತನಗೆ ಸುಳ್ಳು ಹೇಳಿದ ಎಂದು ಅವನ ತಂದೆ ಡಾಕ್ಟರ್ ಶೇಷಾದ್ರಿ ಇಂದಿಗೂ ನಂಬಿದ್ದಾರೆ. ನಾನು ಅವರ ಪಕ್ಕದಲ್ಲೇ ಕೂತು ಅವರ ಮನೆಯ ಕಾಫಿ ಕುಡಿಯುತ್ತ ಬಂದಿದ್ದೇನೆ — ತಲೆಯಾಡಿಸುತ್ತ, ಸಮಾಧಾನ ಹೇಳುತ್ತ.

ನಾನು ಮಂಡ್ಯದ ಕಡೆಯವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಪಿಯುಸಿ ಪರೀಕ್ಷೆಯನ್ನು ಟೈಫಾಯ್ಡ್ ಜ್ವರದಲ್ಲಿ ಬರೆದು ಪಾಸಾದೆ. ಆ ಜ್ವರದ ಕಥೆಯನ್ನು ಎಷ್ಟು ಜನರ ಮುಂದೆ ಹೇಳಿದ್ದೇನೋ! ಮುಂದೆ ಪಡೆದ ಪದವಿಗಳಿಗಿಂತ ಅದೇ ದೊಡ್ಡದೆಂದು ನನ್ನ ಲೆಕ್ಕ. ಅಮೆರಿಕಕ್ಕೆ ಬಂದು, ಬೇ ಏರಿಯಾದ ಒಂದು ಯೂನಿವರ್ಸಿಟಿಯಲ್ಲಿ ಎಂ.ಎಸ್. ಮುಗಿಸಿ, ಓಕ್ಲ್ಯಾಂಡಿನಲ್ಲಿ ಎಂಜಿನಿಯರ್ ಕೆಲಸ ಹಿಡಿದು, ವಾಲ್ನಟ್ ಕ್ರೀಕಿನಲ್ಲಿ ಮನೆ ಮಾಡಿದೆ. ಪಕ್ಕದ ಬೀದಿಯಲ್ಲಿ ಶೇಷಾದ್ರಿಯವರು. ಬೆಂಗಳೂರಿನವರು, ತಾತನ ಕಾಲದಿಂದ ಓದಿಕೊಂಡು ಬಂದ ಮನೆ. ಆದರೂ ನನ್ನನ್ನು ಒಂದು ದಿನ ಕೀಳಾಗಿ ಕಂಡವರಲ್ಲ. “ನೀವು ಕಷ್ಟಪಟ್ಟು ಮೇಲೆ ಬಂದೋರು ಗೌಡ್ರೇ. ನನ್ನ ಮಾತು ಇವನ ಕಿವಿಗೆ ಹೋಗಲ್ಲ. ನೀವು ಹೇಳಿದ್ರೆ ಕೇಳ್ತಾನೆ,” ಎಂದು ಮಗನನ್ನು ನನಗೆ ಒಪ್ಪಿಸಿದ್ದರು.

ಕೇಳಿದ. ಆದದ್ದೇ ಅದು.

ಅದು ಎಂಬತ್ತರ ದಶಕ. ನಾನು ಓದಿದ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹಳೆಯ ವಿದ್ಯಾರ್ಥಿಗಳ, ಊರಿನವರ ಒಂದು ಅಭಿಮಾನಿ ಗುಂಪಿತ್ತು. ಆಗಸ್ಟಿನಲ್ಲಿ ಪ್ರಾಕ್ಟೀಸು ಶುರುವಾಯಿತೆಂದರೆ ನಾವೆಲ್ಲ ಮೈದಾನದ ತಂತಿಬೇಲಿಗೆ ಆತುಕೊಂಡು ನಿಲ್ಲುವವರು. ಅಲ್ಲೊಂದು ಪದ್ಧತಿ. ಸೀಸನ್ನಿನ ಮೊದಲ ಮ್ಯಾಚಿಗೆ ಮುಂಚೆ ಪ್ರತಿಯೊಬ್ಬನೂ ಒಂದು ಹೆಸರು ಹೇಳಬೇಕು — ಇದುವರೆಗೆ ಯಾರ ಲೆಕ್ಕದಲ್ಲೂ ಇಲ್ಲದ ಒಬ್ಬ ಆಟಗಾರ, ಈ ವರ್ಷ ಮಿಂಚುವವನು. ಹೇಳಿದ ಮೇಲೆ ಬದಲಾಯಿಸುವಂತಿಲ್ಲ. ನಿಜವಾದರೆ ಆ ಮನುಷ್ಯನ ಮಾತಿಗೆ ವರ್ಷವಿಡೀ ಬೆಲೆ. ಸುಳ್ಳಾದರೆ ಪ್ರತಿ ಶನಿವಾರ ಗೇಲಿ. ಫ್ರ್ಯಾಂಕ್ ಎಂಬ ನಿವೃತ್ತ ಪೋಸ್ಟ್‌ಮ್ಯಾನ್ ಆ ಬೇಲಿಯ ಯಜಮಾನ. ನನ್ನ ಸರದಿ ಬಂದಾಗಲೆಲ್ಲ, “ಪ್ರೊಫೆಸರ್ ಇನ್ನೂ ಯೋಚನೆ ಮಾಡ್ತಿದಾನೆ, ಬಿಡಿ,” ಎಂದು ನಕ್ಕು ಮುಂದಿನವನನ್ನು ಕೇಳುತ್ತಿದ್ದ. ನಾನು ಪ್ರೊಫೆಸರನಲ್ಲ. ನನ್ನ ಹೆಸರು ಅವನ ಬಾಯಿಗೆ ಬರುತ್ತಿರಲಿಲ್ಲ.

ಆ ವರ್ಷ ನಾನು ಕಾಯಲಿಲ್ಲ. ತಂಡದ ಹಳೆಯ ಕಿಕ್ಕರ್, ಅಂದರೆ ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ದಾಟಿಸುವವನು, ಓದು ಮುಗಿಸಿ ಹೋಗಿದ್ದ. ಅಲ್ಲೇ ಓದುತ್ತಿದ್ದ, ಹಿಂದಿನ ವರ್ಷವೆಲ್ಲ ಬೆಂಚಿನ ಮೇಲೆ ಕೂತಿದ್ದ ಮಧುವಿಗೆ ಆ ಜಾಗ ಸಿಕ್ಕಿತ್ತು. ಎಲ್ಲರಿಗಿಂತ ಮೊದಲು ಅವನ ಹೆಸರು ಹೇಳಿದೆ. ಯಾರೋ ನಕ್ಕರು. ಫ್ರ್ಯಾಂಕ್ ನಗಲಿಲ್ಲ. ಆ ವಾರವೆಲ್ಲ ಮಧು ಎಷ್ಟೋ ದೂರದಿಂದ ಒದ್ದ ಚೆಂಡುಗಳು ಕಂಬಗಳ ನಡುವೆಯೇ ಹೋದವು. ಫ್ರ್ಯಾಂಕ್ ನನ್ನ ಪಕ್ಕಕ್ಕೆ ಬಂದು ನಿಂತು ಕೇಳಿದ: “ಈ ಹುಡುಗನ ಬಗ್ಗೆ ಇನ್ನೂ ಏನು ಗೊತ್ತು ನಿನಗೆ?” ಆ ದೇಶದಲ್ಲಿ ನನ್ನ ಅಭಿಪ್ರಾಯಕ್ಕಾಗಿ ಒಬ್ಬ ಮನುಷ್ಯ ಬಗ್ಗಿ ಕಿವಿಗೊಟ್ಟದ್ದು ಅದೇ ಮೊದಲು. ಅದರ ರುಚಿ — ಹೇಗೆ ಹೇಳಲಿ.

ಪ್ರಾಕ್ಟೀಸು ಮುಗಿದ ಮೇಲೆ ಅವನನ್ನು ನನ್ನ ಕಾರಿನಲ್ಲೇ ಮನೆಗೆ ಕರೆದುಕೊಂಡು ಬರುತ್ತಿದ್ದೆ. ಒಂದು ಸಂಜೆ ಫ್ರೀವೇಯ ಸುರಂಗದ ಮುಂದೆ ಕಾರುಗಳು ನಿಂತಿದ್ದವು. ಮಧು ಶೂ ಬಿಚ್ಚಿ ಪಾದ ಹಿಡಿದುಕೊಂಡ.

“ಅಂಕಲ್, ನೋವು. ತುಂಬ ದಿವಸ ಆಯ್ತು.”

“ಒದೆಯೋ ಕಾಲಾ?” ಎಂದೆ, ಗಾಬರಿಯಿಂದ.

“ನೋ, ನೋ. ಲೆಫ್ಟು. ನಿಲ್ಲೋ ಕಾಲು.”

ನನಗೆ ಸಮಾಧಾನವಾಯಿತು. ನೋಡುವವರೆಲ್ಲ ನೋಡುವುದು ಬಲಗಾಲನ್ನು. ಓಡಿಬಂದ ಮೈಭಾರವನ್ನೆಲ್ಲ ಆ ಕ್ಷಣಕ್ಕೆ ಹೊರುವುದು ಎಡಗಾಲು ಎಂಬುದು ಎಂಜಿನಿಯರನಾದ ನನಗೆ ಹೊಳೆಯಬೇಕಿತ್ತು. ಹೊಳೆದಿತ್ತೇನೋ —

“ಟ್ರೇನರ್‌ಗೆ ಹೇಳ್ಲಾ? ಡ್ಯಾಡ್‌ಗೆ ಹೇಳಿದ್ರೆ ಎಕ್ಸ್‌ರೇ ಅಂತಾರೆ. ದೆನ್ ಇಟ್ಸ್ ಓವರ್, ಅಂಕಲ್.”

ಅವನು ಕೇಳಿದ್ದು ಅನುಮತಿಯನ್ನಲ್ಲ. ದೊಡ್ಡವನೊಬ್ಬ ‘ಹೇಳು’ ಎನ್ನಲಿ ಎಂದು ಕಾಯುತ್ತಿದ್ದ. ಆ ಮುಖ ನನಗೆ ಈಗಲೂ ಕಾಣುತ್ತದೆ. ನಾನು ಜ್ವರದ ಕಥೆ ಶುರುಮಾಡಿದೆ. ಕಣ್ಣು ಮಂಜಾಗಿ ಪ್ರಶ್ನೆಗಳೇ ಕಾಣದೆ ಬರೆದದ್ದು, ಬರೆದು ಪಾಸಾದದ್ದು. ಕೊನೆಗೆ ಹೇಳಿದೆ: “ನೋವು ಅಂತ ಕೂತಿದ್ರೆ ನಾನು ಇವತ್ತೂ ಗದ್ದೇಲಿ ಇರ್ತಿದ್ದೆ ಕಣೋ. ಮೊದಲ ಮ್ಯಾಚ್ ಮುಗೀಲಿ, ಆಮೇಲೆ ಹೇಳು. ಅಪ್ಪನಿಗೂ ಬೇಡ. ಭಾಷೆ ಕೊಡು.” ಅಂಗೈ ಚಾಚಿದೆ. ಅವನು ಅದರ ಮೇಲೆ ಕೈ ಇಟ್ಟ.

ಅಂದಿನಿಂದ ದಿನಾ ನನ್ನ ಗ್ಯಾರೇಜಿನಲ್ಲಿ ಅವನ ಪಾದಕ್ಕೆ ಬಿಸಿ ಹರಳೆಣ್ಣೆ ಹಚ್ಚಿ ತಿಕ್ಕಿದೆ. ಊರಲ್ಲಿ ಅಪ್ಪ ಎತ್ತಿನ ಕಾಲಿಗೆ, ನಮ್ಮ ಕಾಲಿಗೆ ತಿಕ್ಕುತ್ತಿದ್ದ ಹಾಗೆ. ಬಿರುಕು ಬಿಟ್ಟ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದೆ. ಅವನು ಹಲ್ಲು ಕಚ್ಚಿಕೊಂಡು, “ಇಟ್ಸ್ ಗುಡ್, ಅಂಕಲ್,” ಎನ್ನುತ್ತಿದ್ದ.

ಗಣೇಶನ ಹಬ್ಬಕ್ಕೆ ಡಾಕ್ಟರ ಮನೆಯಲ್ಲಿ ಊಟ. ಎಲ್ಲರೂ ನೆಲದ ಮೇಲೆ ಎಲೆ ಮುಂದೆ ಕೂತಾಗ ಮಧು ಕುಂಟುತ್ತ ಹೋಗಿ ಕುರ್ಚಿ ತಂದು ಕೂತ. ಡಾಕ್ಟರು ಸಾರಿನ ಪಾತ್ರೆ ಹಿಡಿದವರು ಹಾಗೇ ನಿಂತರು.

“ಇದೇನೋ ಕುಂಟ್ತಿದೀಯ?”

“ನಥಿಂಗ್, ಡ್ಯಾಡ್.”

ಅವರು ನನ್ನ ಕಡೆ ತಿರುಗಿದರು. “ಗೌಡ್ರೇ, ನಿಮ್ಮ ಹತ್ರ ಏನಾದ್ರೂ ಹೇಳಿದ್ನಾ?”

“ಇಲ್ಲ ಡಾಕ್ಟ್ರೇ. ಹೊಸ ಶೂ ಕಚ್ಚಿರ್ಬೇಕು,” ಎಂದೆ. ಸಲೀಸಾಗಿ ಬಂತು. ಮಧು ತಲೆ ತಗ್ಗಿಸಿದ. ನನ್ನ ಮಾತೆಂದು ಡಾಕ್ಟರು ನಂಬಿ ಸಾರು ಬಡಿಸಿದರು.

ಆ ಶನಿವಾರ ಮೊದಲ ಮ್ಯಾಚು. ಮಧುವಿನ ಮೊದಲ ಒದೆತ ಗುರಿ ಮುಟ್ಟಿತು. ಫ್ರ್ಯಾಂಕ್ ನನ್ನ ಬೆನ್ನು ತಟ್ಟಿದ. ಎರಡನೆಯದಕ್ಕೆ ಓಡಿಬಂದು ಎಡಗಾಲೂರಿದ, ಒದ್ದ, ಬಿದ್ದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಈ ಬರಹದಲ್ಲಿ ಹೇಳಲೇಬೇಕಾದದ್ದು ಇದು: ನನ್ನ ಕಣ್ಣು ಹುಡುಗನ ಮೇಲಿರಲಿಲ್ಲ. ಚೆಂಡಿನ ಹಿಂದೆ ಹೋಗಿತ್ತು. ಚೆಂಡು ಕಂಬಗಳ ನಡುವೆ ದಾಟಿತು. ಅವನು ಹುಲ್ಲಿನ ಮೇಲೆ ಹೊರಳುತ್ತಿದ್ದಾಗ ನಾನು ಎರಡೂ ಕೈ ಎತ್ತಿ ಕೂಗುತ್ತಿದ್ದೆ.

ಆಸ್ಪತ್ರೆಯಲ್ಲಿ ಸರ್ಜನ್ ಎಕ್ಸ್‌ರೇ ತೋರಿಸಿ, ಬಿರುಕು ಹಳೆಯದು, ಈ ಹುಡುಗ ಅದರ ಮೇಲೇ ವಾರಗಟ್ಟಲೆ ಓಡಿದ್ದಾನೆ ಎಂದರು. ಶೇಷಾದ್ರಿಯವರು ಮಗನ ಕಡೆ ತಿರುಗಿದರು. “ಡಾಕ್ಟರ್ ಮಗ ಆಗಿ ಒಂದು ಮಾತು ಹೇಳೋಕೆ ಆಗ್ಲಿಲ್ವೇನೋ ನಿಂಗೆ?”

“ನೋವೇ ಇರ್ಲಿಲ್ಲ, ಡ್ಯಾಡ್.”

“ಸುಳ್ಳ!”

ಮಧು ಒಂದು ಸಲ ನನ್ನನ್ನು ನೋಡಿದ. ನಾನು ಕಾರಿಡಾರಿನ ಕೋಕ್ ಮೆಷಿನ್ನನ್ನು ನೋಡುತ್ತ ನಿಂತೆ.

ಕಾಲು ನೆಟ್ಟಗೆ ಕೂಡಲಿಲ್ಲ. ಮತ್ತೆ ಅವನು ಆಡಲಿಲ್ಲ. ಅಪ್ಪ ಮಗನ ನಡುವೆ ಮುರಿದದ್ದೂ ಕೂಡಲಿಲ್ಲ. ಈಗ ಅವನು ಸ್ಯಾನ್ ಹೊಸೆಯಲ್ಲಿ ಮೇಷ್ಟ್ರು. ಕುಂಟುತ್ತಾನೆ. ಹಬ್ಬಕ್ಕೊಮ್ಮೆ ತಂದೆಗೆ ಫೋನು. ಅಮೆರಿಕದಲ್ಲಿ ಬೆಳೆದ ಮಕ್ಕಳಿಗೆ ಮಾತಿನ ಬೆಲೆ ಗೊತ್ತಿಲ್ಲ ಎಂದು ನಮ್ಮ ಕೂಟಗಳಲ್ಲಿ ಹಿರಿಯರು ಆಡಿಕೊಳ್ಳುವಾಗ ನಾನೂ ಹೂಂಗುಟ್ಟಿದ್ದೇನೆ — ನನ್ನ ಅಂಗೈ ಮೇಲೆ ಇಟ್ಟ ಮಾತನ್ನು ಆ ಹುಡುಗ ಇಂದಿನವರೆಗೂ ಉಳಿಸಿಕೊಂಡಿರುವುದು ಗೊತ್ತಿದ್ದೂ.

ನಾನು? ಮುಂದಿನ ಆಗಸ್ಟಿನಲ್ಲಿ ಮತ್ತೆ ಬೇಲಿಯ ಹತ್ತಿರ ಹೋದೆ. ಬೇರೆ ಹೆಸರು ಹೇಳಿದೆ.

ಕಳೆದ ಭಾನುವಾರ ಶೇಷಾದ್ರಿಯವರನ್ನು ನೋಡಲು ಹೋಗಿದ್ದೆ. ವಯಸ್ಸಾಗಿದೆ, ಕಣ್ಣು ಸರಿಯಾಗಿ ಕಾಣುವುದಿಲ್ಲ. ಕಾಫಿ ಲೋಟ ಕೆಳಗಿಟ್ಟು ಹೇಳಿದರು: “ಎಷ್ಟು ಜನರ ಕಾಲು ನೋಡಿದೀನಿ ಗೌಡ್ರೇ. ನನ್ನ ಮಗ ನನ್ನ ಕಣ್ಮುಂದೆ ಕುಂಟಿದ, ನಾನು ಸಾರು ಬಡಿಸ್ದೆ. ನನ್ನ ಹತ್ರ ಹೇಳೋ ಅಷ್ಟು ನಂಬಿಕೆ ಅವನಿಗೆ ಇರ್ಲಿಲ್ಲ.” ಆಮೇಲೆ ಮತ್ತೆ ಅದೇ ಪ್ರಶ್ನೆ: “ನಿಮ್ಮ ಹತ್ರ ಆದ್ರೂ ಹೇಳಿದ್ನಾ?”

“ಇಲ್ಲ ಡಾಕ್ಟ್ರೇ,” ಎಂದೆ. ಮತ್ತೆ.

ಜ್ವರದಲ್ಲಿ ಪರೀಕ್ಷೆ ಬರೆದ ಗಂಡಸು. ಒಂದು ಪ್ರಶ್ನೆಗೆ ಉತ್ತರ ಹೇಳಲಾಗಲಿಲ್ಲ.

ನಾಳೆ ಸ್ಯಾನ್ ಹೊಸೆಗೆ ಹೋಗುತ್ತೇನೆ. ನಿನ್ನ ಭಾಷೆ ನಿನಗೆ ವಾಪಸ್ಸು ಎಂದು ಮಧುವಿಗೆ ಹೇಳಿ, ಬರುವುದಾದರೆ ಕಾರು ಹತ್ತು ಎನ್ನುತ್ತೇನೆ. ಅವನು ಬಾಗಿಲು ಹಾಕಿಕೊಂಡರೆ ಒಬ್ಬನೇ ವಾಪಸ್ಸು ಬರುತ್ತೇನೆ. ಹೇಗಾದರೂ ಸಂಜೆಯ ಹೊತ್ತಿಗೆ ಆ ಮುದುಕರ ಮುಂದೆ ಕೂತಿರುತ್ತೇನೆ. ಕಾಫಿ ಮುಟ್ಟುವುದಿಲ್ಲ. ಮೊದಲು ಹೇಳುತ್ತೇನೆ: “ಹೇಳಿದ್ದ ಡಾಕ್ಟ್ರೇ. ನಿಮಗೂ ಹೇಳೋನಿದ್ದ.”