ಪೀಸ್ಲಿಯ ಹಸಿ ಚಿನ್ನ

ಹಾರ್ಟ್‌ವೆಲ್ ಪಟ್ಟಣದ ಅಂಗಡಿಗಳಿಗೆಲ್ಲ ಹೆಸರು ಬರೆದವನು ಲೆಮ್ಯುಯೆಲ್ ಪೀಸ್ಲಿ. ಕಟುಕನ ಹಲಗೆಯ ಮೇಲೆ ನಗುವ ಹಂದಿಯನ್ನು ಬರೆದ ಆ ಕೈಗೆ ೧೮೭೯ರ ವಸಂತದಲ್ಲಿ ಹೊಸದೊಂದು ಗೌರವ ಒದಗಿತು. ಊರಿನ ಬೇಸ್‌ಬಾಲ್ ತಂಡವಾದ ಬೂದು ಕಾಲುಚೀಲದವರು ಆ ವರ್ಷ ಸಂಬಳದ ಆಟಗಾರರಾದರು. ಅವರು ಗೆದ್ದ ಪ್ರತಿ ಪಂದ್ಯದ ಚೆಂಡಿಗೆ ಚಿನ್ನದ ಬಣ್ಣ ಬಳಿದು, ಕರಿಯಕ್ಷರದಲ್ಲಿ ಅಂಕ ಬರೆಯುವ ಕೆಲಸ ಪೀಸ್ಲಿಯದಾಯಿತು. ಅವನು ಅಂಗಡಿಯ ಕಿಟಕಿಯಲ್ಲಿ ಗಾಜಿನ ಬೀರು ನಿಲ್ಲಿಸಿ, ಹನ್ನೊಂದು ಪಂದ್ಯಗಳಿಗೆ ಹನ್ನೊಂದು ಮಕಮಲ್ಲಿನ ಗುಳಿಗಳನ್ನು ಕೂರಿಸಿದ.

"ಅಲ್ರೀ, ಒಂದಾದ್ರೂ ಸೋಲಬಹುದು ಅಂತ ಅನ್ನಿಸ್ಲೇ ಇಲ್ವಾ ನಿಮ್ಗೆ?" ಎಂದಳು ಹೆಂಡತಿ ಡೋರ್ಕಸ್.

"ಒಂದೂ ಗೆಲ್ದಿದ್ರೆ ಬೀರು ನಿಂದೇ. ಜಾಮ್ ಶೀಶೆ ಜೋಡಿಸ್ಕೋ, ಹೋಗು."

ಡೋರ್ಕಸ್ ಆ ಮಾತನ್ನು ಸೆರಗಿಗೆ ಕಟ್ಟಿಕೊಂಡಂತೆ ನೆನಪಿಟ್ಟುಕೊಂಡಳು.

ಮೊದಲ ಪಂದ್ಯ ಹದಿನಾಲ್ಕು–ಎರಡರ ಸೋಲು. ಎರಡನೆಯದರಲ್ಲಿ ಚೆಂಡನ್ನಟ್ಟಿಕೊಂಡು ಯಾರದೋ ಹಿತ್ತಲಿಗೆ ನುಗ್ಗಿದ ಆಟಗಾರ, ಒಣಹಾಕಿದ್ದ ಲಂಗವೊಂದನ್ನು ತೊಟ್ಟವನಂತೆ ಹೊರಬಂದ. ಅಷ್ಟರಲ್ಲಿ ಎದುರಾಳಿಗಳು ನಾಲ್ಕು ಓಟ ಮುಗಿಸಿದ್ದರು. ಮೂರನೆಯದರಲ್ಲಿ ಐದು ಓಟ ಮುಂದಿದ್ದಾಗ ಮಳೆ. ಪೀಸ್ಲಿ ಮೈದಾನಕ್ಕೆ ಓಡಿ ಎಸೆತಗಾರನಿಗೆ ಕೊಡೆ ಹಿಡಿದ. ನಾಲ್ವರು ಅವನನ್ನು ಕೋಟಿನ ಬಾಲ ಹಿಡಿದು ಎಳೆದೊಯ್ದರು, ಪಂದ್ಯ ರದ್ದಾಯಿತು. ನಾಲ್ಕು, ಐದು ಒಂದೇ ವಾರದಲ್ಲಿ ಹೋದವು. ಆರನೆಯದರಲ್ಲಿ ಕೊನೆಯ ಓಟ ಕಾಣದ ಅಂಪೈರ್ ಆ ಕಾಲದ ವಾಡಿಕೆಯಂತೆ ಪ್ರೇಕ್ಷಕರ ಸಾಕ್ಷ್ಯ ಕೇಳಿದ. ಊರಿನ ಪಾದ್ರಿಯೇ ಎದ್ದು ನಿಂತು, ನಮ್ಮವನು ಔಟ್ ಎಂದು ಸತ್ಯ ನುಡಿದುಬಿಟ್ಟ. ಮರುದಿನದ ಆರಾಧನೆಗೆ ಬಂದವರು ಏಳು ಜನ. ಏಳನೆಯದಕ್ಕೆ ಎಸೆತಗಾರನ ತೋಳು ತಂಗಿಯ ಮದುವೆಯ ಕುಣಿತದಲ್ಲಿ ಉಳುಕಿತ್ತು. ಎಂಟು, ಒಂಬತ್ತು ಪರವೂರಿನವು, ಪತ್ರಿಕೆಯಲ್ಲಿ ಓದಿಯೇ ಅಳುವಂಥವು. ಹತ್ತನೆಯದರಲ್ಲಿ ಅಂಕ ಸಮವಾಗಿದ್ದಾಗ ಗುರಿತಪ್ಪಿದ ಎಸೆತವೊಂದು ಬೀದಿ ದಾಟಿ ಕಟುಕನ ಹಲಗೆಯ ಹಂದಿಯ ಕಿವಿ ಕಿತ್ತಿತು. ಪಂದ್ಯ ಸೋತ ಬೇಸರದಲ್ಲೇ ಪೀಸ್ಲಿ ಕಿವಿಗೆ ಬಣ್ಣ ಹಚ್ಚಿ ಬಂದ.

"ಏನಪ್ಪಾ ಪೀಸ್ಲಿ, ನಿನ್ನ ಕೋಳಿ ಇನ್ನೂ ಮೊಟ್ಟೆ ಇಟ್ಟಿಲ್ವಾ?" ಎಂದು ಹೋಗುವವರು ಬರುವವರು ಕಿಟಕಿಯಲ್ಲಿ ಇಣುಕಿದರು. ಡೋರ್ಕಸ್ ಒಳಗೆ ಹನ್ನೊಂದು ಶೀಶೆಗಳನ್ನು ತೊಳೆದು ಬೋರಲು ಹಾಕಿದ್ದಳು.

ಹನ್ನೊಂದನೆಯ ಪಂದ್ಯ ಹ್ಯಾರೋ ಮಿಲ್ಸ್ ತಂಡದ ಮೇಲೆ, ಊರಿನ ಹೊಳೆದಂಡೆಯ ಮೈದಾನದಲ್ಲಿ. ಒಂಬತ್ತು ಸರದಿಗಳಲ್ಲಿ ಎಂಟು ಮುಗಿದಾಗ ಬೂದು ಕಾಲುಚೀಲ ಆರು, ಹ್ಯಾರೋ ಮೂರು! ಪೀಸ್ಲಿಯ ಎದೆ ಡೋಲಾಯಿತು. ಚೆಂಡಿನ ಮೇಲೆ ಬರೆದು ಕೈ ಪಳಗಲೆಂದು ತಂಡದ ಕ್ಯಾಪ್ಟನ್ ಡೋಲನ್ ಹಿಂದೆಯೇ ಕೊಟ್ಟಿದ್ದ ಇನ್ನೊಂದು ಚೆಂಡು ಅವನ ಪೆಟ್ಟಿಗೆಯಲ್ಲಿತ್ತು. ತಡೆಯಲಾರದೆ ಅದಕ್ಕೆ ಅಲ್ಲೇ ಚಿನ್ನ ಬಳಿದು, 'ಗೆದ್ದೆವು, ೬–೩' ಎಂದು ದಪ್ಪಕ್ಷರದಲ್ಲಿ ಬರೆದ.

ಬರೆದದ್ದೇ ತಡ, ಹ್ಯಾರೋದವರು ಎರಡು ಓಟ ಹೊಡೆದರು. ಆರು–ಐದು. ಇನ್ನೊಬ್ಬ ಔಟಾದರೆ ಗೆಲುವು. ಆದರೆ ಮೂರನೆಯ ಮೂಲೆಯಲ್ಲಿ ಹ್ಯಾರೋದ ದಡೂತಿ ಟರ್ನ್‌ಬುಲ್, ಓಟ ಮುಗಿಯುವ ಮೂಲೆಯಾದ 'ಮನೆ'ಗೆ ಓಡಿ ಸಮ ಮಾಡಲು ಕಾದಿದ್ದ. ಮುಂದಿನ ಹೊಡೆತ ಗೆರೆಯಾಚೆ ಹಾರಿ, ಲೆಕ್ಕಕ್ಕೆ ಬಾರದೆ, ಹೊಳೆಗೆ ಬಿತ್ತು. ಇಡೀ ಊರು ಐದು ನಿಮಿಷ ನೀರು ಕಲಕಿತು. ಚೆಂಡಿಲ್ಲ.

ಡೋಲನ್ ಪೀಸ್ಲಿಯತ್ತ ಕೈಚಾಚಿ ಓಡಿಬಂದ. "ಕೊಡಯ್ಯಾ ಅದನ್ನ!"

"ಹಸಿಯಾಗಿದೆ ಮಾರಾಯ! ಮುಟ್ಬೇಡ!"

"ಪಂದ್ಯಾನೇ ನಿಂತಿದೆ, ನಿಂದೊಂದು ಹಸಿ!"

ಹ್ಯಾರೋ ಕ್ಯಾಪ್ಟನ್ ಕಿರುಚಿದ: "ಇದ್ಯಾವ ನ್ಯಾಯ ಸ್ವಾಮಿ? ಸೋಲು ಬರೆದಿರೋ ಚೆಂಡಲ್ಲಿ ನಾವ್ ಆಡ್ಬೇಕಾ?"

ಅಂಪೈರ್ ಸ್ಟೋಡರ್ಡ್ ವೃತ್ತಿಯಿಂದ ಶವಪೆಟ್ಟಿಗೆಯ ಬಡಗಿ, ಗಾಂಭೀರ್ಯ ಅವನ ಕಸುಬು. "ನಿಯಮದಲ್ಲಿ ತೂಕ ಇದೆ, ಸುತ್ತಳತೆ ಇದೆ. ಬಣ್ಣದ ಮಾತಿಲ್ಲ. ಆಡಿ."

ಎಸೆತಗಾರನ ಬೆರಳು ಚಿನ್ನವಾಯಿತು, ದಾಂಡು ಚಿನ್ನವಾಯಿತು, ಚೆಂಡೆತ್ತಿ ಮನೆಯತ್ತ ಎಸೆದವನ ಅಂಗೈ ಚಿನ್ನವಾಯಿತು. ಟರ್ನ್‌ಬುಲ್ ಗೂಳಿಯಂತೆ ನುಗ್ಗಿ ಜಾರಿದ. ಅವನು ಮನೆ ಸೇರುವ ಮೊದಲೇ ಚೆಂಡು ಮುಟ್ಟಿಸಿ ಔಟ್ ಮಾಡಲೆಂದು, ಚೆಂಡು ಹಿಡಿದ ಡೋಲನ್ ಅವನ ಮೇಲೆ ಬಿದ್ದ. ಎದ್ದ ಧೂಳಿನಲ್ಲಿ ಅಂಪೈರ್‌ಗೆ ತನ್ನ ಮೂಗೇ ಕಾಣಲಿಲ್ಲ.

"ಮುಟ್ಟಿಸ್ಲೇ ಇಲ್ಲ! ನನ್ನಮ್ಮನಾಣೆ!" ಎಂದ ಟರ್ನ್‌ಬುಲ್.

"ಮುಟ್ಸಿದೀನಿ!" ಎಂದ ಡೋಲನ್.

ಧೂಳು ಅಡಗಿತು. ಸ್ಟೋಡರ್ಡ್ ಮೃತರ ಮನೆಯಲ್ಲಿ ಮಾತಾಡುವಷ್ಟು ಮೃದುವಾಗಿ, "ಸ್ವಲ್ಪ ಆ ಕಡೆ ತಿರುಗ್ತೀರಾ?" ಎಂದ.

ಟರ್ನ್‌ಬುಲ್ ತಿರುಗಿದ. ಅವನ ಚಲ್ಲಣದ ಹಿಂಬದಿಯಲ್ಲಿ, ದುಂಡನೆಯ ಚಿನ್ನದ ನಡುವೆ, ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ, ಒಂದಕ್ಷರವೂ ಅಳಿಯದೆ 'ಗೆದ್ದೆವು' ಅಚ್ಚಾಗಿತ್ತು.

"ಔಟ್," ಎಂದ ಸ್ಟೋಡರ್ಡ್.

ಟೋಪಿಗಳೆಲ್ಲ ಹೊಳೆಗೆ ಹಾರಿದವು. ಕೋಟಿನ ಬಾಲ ಹಿಡಿದೆಳೆದಿದ್ದ ಅದೇ ನಾಲ್ವರು ಪೀಸ್ಲಿಯನ್ನು ಹೆಗಲೇರಿಸಿದರು. ಪಾದ್ರಿ ಯಾರದೋ ಹೆಂಡತಿಯೊಡನೆ ಕುಣಿದ.

ಬೆರಳಚ್ಚುಗಳಿಂದ ಮಸುಕಾದ ಚೆಂಡು ಮೊದಲ ಗುಳಿಯಲ್ಲಿ ಕುಳಿತಿತು. ತಿದ್ದಿ ಆರು–ಐದು ಎಂದು ಬರೆಯಲು ಪೀಸ್ಲಿ ಕುಂಚ ಹಿಡಿದ, ಮನಸ್ಸು ಬರದೆ ಕೆಳಗಿಟ್ಟ. ಡೋರ್ಕಸ್ ಚೆಂಡನ್ನು ನೋಡಿದಳು, ಉಳಿದ ಗುಳಿಗಳನ್ನು ನೋಡಿದಳು, ಹತ್ತು ಶೀಶೆ ತಂದು ಜೋಡಿಸಿದಳು. ಅವನೂ ಬೇಡವೆನ್ನಲಿಲ್ಲ.

ಅವನ ಕೊರಗು ಬೇರೆಯೇ ಇತ್ತು. ಜೀವಮಾನದಲ್ಲಿ ತಾನು ಬರೆದ ಅತ್ಯುತ್ತಮ ಅಕ್ಷರಗಳ ಮೇಲೆ ಟರ್ನ್‌ಬುಲ್ ಕುಳಿತುಕೊಂಡು, ಐದು ಗಂಟೆಯ ರೈಲಿನಲ್ಲಿ ಊರು ಬಿಟ್ಟಿದ್ದ.