ಹಾಳೆಯ ಮೇಲಿನ ಪಾದಗಳು

ನನ್ನ ಚಿಕ್ಕಮ್ಮ ಯಾರನ್ನಾದರೂ ಮುಖಕ್ಕಿಂತ ಮೊದಲು ಕಾಲಿನಿಂದ ಗುರುತಿಸುವವಳು. ಕಾರ್ಖಾನೆಯ ಗೇಟಿನ ಎದುರೇ ಅವಳ ಚಪ್ಪಲಿ ಅಂಗಡಿ. ಬಂದವರನ್ನು ಹಾಳೆಯ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದ ಮೇಲೆಯೇ ಡಬ್ಬ ತೆಗೆಯುತ್ತಿದ್ದಳು. "ನಂಬರು ಹೇಳಿದ್ರೆ ಸಾಲ್ದಾ?" ಎಂದವರಿಗೆ, "ನಂಬರಿಗೆ ಗುಳ್ಳೆ ಏಳಲ್ಲ, ನಿಮಗೆ ಏಳುತ್ತೆ" ಎನ್ನುತ್ತಿದ್ದಳು.

ಕಾರ್ಖಾನೆ ಮುಚ್ಚಿತು. ಗಿರಾಕಿಗಳು ಕೆಲಸ ಹುಡುಕಿಕೊಂಡು ದಿಕ್ಕಿಗೊಬ್ಬರಾದರು. ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸವಾಯಿತು.

"ತಿಂಗಳ ಕೊನೆಗೆ ಅಂಗಡಿ ಮಾಲೀಕರಿಗೆ ಬೀಗದ ಕೈ ವಾಪಸ್ ಕೊಟ್ಬಿಡೋಣ ಕಣೇ" ಎಂದ ಚಿಕ್ಕಪ್ಪ. "ಹಾಸಿಗೆ ಇದ್ದಷ್ಟೇ ಕಾಲು ಚಾಚ್ಬೇಕು."

"ಕಾಲಿನ ವಿಷಯ ನನಗೆ ಹೇಳ್ಬೇಡಿ!" ಎಂದಳು ಚಿಕ್ಕಮ್ಮ. ತನ್ನದು ಎಂದು ಅವಳಿಗಿದ್ದದ್ದು ಆ ಅಂಗಡಿಯೊಂದೇ.

ಆನ್‌ಲೈನ್‌ನಲ್ಲಿ ಮಾರೋಣವೆಂದು ಅವಳ ತಲೆಗೆ ಹುಳ ಬಿಟ್ಟವನು ನಾನು. ಫೋಟೋ ಹಾಕಿದೆ, ಆರ್ಡರ್ ಬಂದವು. ಆದರೆ ಕಳಿಸಿದ ಜೋಡಿಗಳು, ಒಬ್ಬರಿಗೆ ಬಿಗಿ, ಇನ್ನೊಬ್ಬರಿಗೆ ಸಡಿಲವೆಂದು ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಮರಳಿದವು. ಚಿಕ್ಕಪ್ಪ ಬೀಗದ ಕೈಯನ್ನು ಮೊಳೆಯಿಂದ ತೆಗೆದು ಜೇಬಿಗೆ ಹಾಕಿಕೊಂಡ.

ಚಿಕ್ಕಮ್ಮ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಕಾಲು ನೋಡದೆ ಚಪ್ಪಲಿ ಮಾರ್ತಾರೇನೋ? ಹಾಳೆ ಮೇಲೆ ಕಾಲಿಟ್ಟು ಗೆರೆ ಎಳೆದು, ಪಕ್ಕ ಸ್ಕೇಲ್ ಇಟ್ಟು ಫೋಟೋ ಕಳಿಸ್ಬೇಕು. ಇಲ್ಲಾಂದ್ರೆ ಮಾರಲ್ಲ ಅಂತ ಬರಿ."

ಇಷ್ಟು ಧಿಮಾಕು ತೋರಿಸಿದರೆ ಯಾರು ಕೊಳ್ಳುತ್ತಾರೆಂದು ನಾನು ಮೂಗು ಮುರಿದೆ. ಆದರೂ ಪಾದಗಳು ಬಂದವು. ಹಳೇ ಕ್ಯಾಲೆಂಡರಿನ ಹಿಂದೆ ಕೆಲವು, ರಟ್ಟಿನ ಮೇಲೆ ಕೆಲವು, ಒಂದರ ಪಕ್ಕದಲ್ಲಂತೂ ಬೆಕ್ಕಿನ ಹೆಜ್ಜೆ! ಚಿಕ್ಕಮ್ಮ ನೋಡಿ ಆರಿಸಿ ಕಳಿಸಿದ ಒಂದು ಜೋಡಿಯೂ ಮರಳಲಿಲ್ಲ.

ತಿಂಗಳ ಕೊನೆಯ ವಾರ ದೂರದ ಊರಿನಿಂದ ಒಂದು ಪಾದ ಬಂತು. ಹೆಸರು ಓದುವ ಮೊದಲೇ ಚಿಕ್ಕಮ್ಮ ಕೂಗಿದಳು. "ಕಿರುಬೆರಳು ನೋಡೋ, ಹೇಗೆ ಹೊರಗೆ ಚಾಚಿದೆ! ಇದು ನಮ್ಮ ಕಾರ್ಖಾನೆ ವೆಲ್ಡರ್ ಕಾಲು!" ತಕ್ಷಣ ಫೋನ್ ಹಚ್ಚಿದಳು.

"ಅಕ್ಕಾ, ಗೆರೆ ಎಳೆದು ಕಳಿಸಿ ಅಂದಾಗ್ಲೇ ನೀವೇ ಇರ್ಬೇಕು ಅನ್ನಿಸ್ತು. ಅಂಗಡಿ ಇನ್ನೂ ಇದೆಯಾ? ಮುಚ್ಚಿರ್ತೀರಿ ಅಂದ್ಕೊಂಡಿದ್ದೆ" ಎಂದ ಆತ. "ಇಲ್ಲಿ ನಮ್ಮ ಹಳೇ ಗೇಟಿನವರೇ ಬಹಳ ಜನ ಇದ್ದೀವಿ. ಎಲ್ಲರ ಕಾಲೂ ಕಳಿಸ್ಲಾ?"

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನತ್ತ ತಿರುಗಿದಳು. "ಒಂದೇ ಗೇಟು ನಂಬ್ಕೊಂಡು ಕೂತಿದ್ವಿ ಕಣ್ರೀ. ಈಗ ಹತ್ತೂರಿನ ಗೇಟು. ಒಂದು ಮುಚ್ಚಿದ್ರೆ ಇನ್ನೊಂದು ತೆಗೆದಿರುತ್ತೆ."

ಚಿಕ್ಕಪ್ಪ ಬೀಗದ ಕೈಯನ್ನು ಜೇಬಿನಿಂದ ತೆಗೆದು ಮೊಳೆಗೆ ನೇತುಹಾಕಿದ. ಆಮೇಲೆ ಒಂದು ಹಾಳೆ ಹಾಸಿ, ಅದರ ಮೇಲೆ ಬರಿಗಾಲಲ್ಲಿ ನಿಂತ.

"ಪಾರ್ಸೆಲ್ ಹೊತ್ಕೊಂಡು ಓಡಾಡೋಕೆ ನನಗೂ ಒಂದು ಜೋಡಿ ಬೇಕು."

"ಅಲ್ಲಾಡ್ಬೇಡಿ ಮತ್ತೆ" ಎನ್ನುತ್ತಾ ಚಿಕ್ಕಮ್ಮ ಪೆನ್ಸಿಲ್ ಹಿಡಿದು ಅವನ ಕಾಲ ಬಳಿ ಕುಳಿತಳು.