ಕಪ್ಪು ಕನ್ನಡಕ ಕಂಡ ಕೂಸು

ವಡಾಲದ ನಮ್ಮ ಮನೆಯ ಕಿಟಕಿ ಪೂರ್ವಕ್ಕಿದೆ. ಎದುರಿನ ಹಳೆಯ ಚಾಳಿನ ಸಾಲುಮನೆಗಳನ್ನು ಕೆಡವಿ ಅಲ್ಲೊಂದು ಗಾಜಿನ ಟವರ್ ಎದ್ದ ಮೇಲೆ ಬೆಳಗಿನ ಬಿಸಿಲು ನಿಂತುಹೋಯಿತು. ಅದುವರೆಗೆ ಎಂದೂ ಬಾರದಿದ್ದ ಮಧ್ಯಾಹ್ನದ ಬಿಸಿಲು ಬರತೊಡಗಿತು. ಪಶ್ಚಿಮಕ್ಕಿಳಿದ ಸೂರ್ಯ ಆ ಗಾಜಿಗೆ ಬಡಿದು ನಮ್ಮ ಮನೆಯೊಳಗೆ ಬೀಳುತ್ತಾನೆ. ಪರದೆ ಎಳೆದರೂ ಬದಿಯಿಂದ ನುಸುಳಿ ಗೋಡೆಯ ಮೇಲೆ ಬಿಳಿಯ ಪಟ್ಟಿಯಾಗಿ ನಿಲ್ಲುತ್ತಾನೆ. ಉಳಿದವರಿಗೆ ಅದು ಬರೀ ಬೆಳಕು. ಮೈಗ್ರೇನ್ ಬಂದ ದಿನ ನನಗೆ ಅದು ಕಣ್ಣಗುಡ್ಡೆಯ ಹಿಂದೆ ಉಗುರು ಊರಿದ ಹಾಗೆ.

ಮನೆಯಲ್ಲಿ ಅಣ್ಣ, ಅವನ ಹೆಂಡತಿ ವೈನಿ, ಅವರ ಹತ್ತು ತಿಂಗಳ ಮಗ ಮತ್ತು ನಾನು. ನನ್ನದು ಮನೆಯಿಂದಲೇ ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸ. ವೈನಿ ಹೆರಿಗೆಯ ಹೊತ್ತಿಗೆ ಬಿಟ್ಟಿದ್ದ ನೌಕರಿಗೆ ಮತ್ತೆ ಹೋಗಬೇಕೆಂದಿದ್ದರು. ಮಲಾಡಿನ ಒಂದು ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಕೆಲಸ ಸಿಕ್ಕರೆ ಮಧ್ಯಾಹ್ನವೆಲ್ಲ ಕೂಸನ್ನು ನಾನು ನೋಡಿಕೊಳ್ಳುವುದೆಂದು ಮಾತಾಗಿತ್ತು. ಆ ಮಾತು ನಾನಾಗಿಯೇ ಕೊಟ್ಟದ್ದು. ನನಗೆ ತಲೆನೋವು ಬರುತ್ತದೆಂದು ಅವರಿಗೆ ಗೊತ್ತಿತ್ತು. ಬಂದಾಗ ಏನಾಗುತ್ತದೆಂದು ಗೊತ್ತಿರಲಿಲ್ಲ. ಅಂಥ ದಿನ ನಾನು ಕೆಲಸವಿದೆ ಎಂದು ಹೇಳಿ ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ.

"ಏನರ ಆತಂದ್ರ ಫೋನ್ ಹಚ್ಚು, ಹಾರಿ ಬರ್ತೀನಿ," ಎಂದರು ವೈನಿ, ಸಂದರ್ಶನಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತ.

"ಮಲಾಡಿನಿಂದ ಹಾರಾಕ ಆಗೂದಿಲ್ಲ, ವೈನಿ. ಅಂಧೇರಿಯೊಳಗ ಗಾಡಿ ಬದಲಿ ಮಾಡಬೇಕು."

"ನೋಡೋ, ನಿಮ್ಮತ್ತಿ ಹೆಂಗ ನನ್ನ ಕಾಲೆಳೀತಾಳ," ಎಂದು ಕೂಸಿನ ಕೆನ್ನೆ ಹಿಂಡಿ ಇಳಿದುಹೋದರು.

ಕೂಸು ಮಲಗಿದ ಮೇಲೆ ನಾನು ಕರಡು ಹಿಡಿದು ಕೂತೆ. ಒಂದು ಪದದ ನಡುವಿನ ಅಕ್ಷರ ಕಾಣಲಿಲ್ಲ. ಮುದ್ರಣದೋಷವೆಂದು ಗುರುತು ಹಾಕಲು ಹೋದೆ; ಮುಂದಿನ ಪದದಲ್ಲೂ ನಡು ಇರಲಿಲ್ಲ. ಆಗ ತಿಳಿಯಿತು. ಸ್ವಲ್ಪ ಹೊತ್ತಿಗೆ ಆ ಖಾಲಿ ಜಾಗದ ಅಂಚು ಗರಗಸದ ಹಲ್ಲಿನಂತೆ ಮಿನುಗತೊಡಗಿತು. ಮಿನುಗು ನಿಂತ ಮೇಲೆ ನೋವು ಬರುತ್ತದೆ, ನೋವಿನ ಜೊತೆ ಬೆಳಕು, ಸದ್ದು ಎರಡೂ ವೈರಿಗಳಾಗುತ್ತವೆ. ಈ ಕ್ರಮ ತಪ್ಪಿದ್ದೇ ಇಲ್ಲ.

ಮಾತ್ರೆಯ ಡಬ್ಬಿ ತೆಗೆದೆ, ಮತ್ತೆ ಮುಚ್ಚಿದೆ. ಅದನ್ನು ನುಂಗಿದರೆ ನನಗೆ ತಡೆಯಲಾರದ ನಿದ್ದೆ ಬರುತ್ತದೆ. ಕಿವಿಗೆ ಹತ್ತಿ ತುರುಕಿಕೊಂಡೆ. ಕೂಸು ಎದ್ದರೆ ಕೇಳಿಸದೆಂದು ತೆಗೆದೆ. ಹಾಸಿಗೆಯ ಬಳಿ ಹೋಗಿ ಅವನನ್ನು ನೋಡಿದೆ. ಎಡಗೆನ್ನೆ ಕಾಣಲಿಲ್ಲ. ಕಣ್ಣು ಹೊರಳಿಸಿದರೆ ಕೆನ್ನೆ ಬಂತು, ಕೈ ಹೋಯಿತು. ಎದ್ದು ತೆವಳತೊಡಗಿದರೆ, ನನಗೆ ಕಾಣದ ಆ ಭಾಗದಲ್ಲೇ ಅವನು ಏನನ್ನಾದರೂ ಹೆಕ್ಕಿ ಬಾಯಿಗಿಟ್ಟುಕೊಂಡರೆ?

ಫೋನ್ ಅದುರಿತು.

"ಇನ್ನೂ ಒಳಗ ಕರದಿಲ್ಲ. ಎದ್ದಾನೇನು?"

"ಇಲ್ಲ. ಮಲಗ್ಯಾನ."

"ನಿನ್ನ ಧ್ವನಿ ಯಾಕ ಹಂಗದ?"

"ನನಗೂ ಜೊಂಪು ಹತ್ತಿತ್ತು," ಎಂದೆ. ಇದ್ದದ್ದನ್ನು ಹೇಳಿದ್ದರೆ ಅವರು ಆ ಕುರ್ಚಿಯಿಂದ ಎದ್ದು ಸ್ಟೇಷನ್ನಿಗೆ ಓಡುತ್ತಿದ್ದರು.

ಗಾಜಿನ ಬಿಸಿಲು ಒಳಗೆ ಬರುವುದಕ್ಕೂ ಕೂಸು ಏಳುವುದಕ್ಕೂ ಸರಿಹೋಯಿತು. ನೋವು ಅಷ್ಟರಲ್ಲಿ ಬಲಗಣ್ಣಿನ ಮೇಲೆ ಕೂತಿತ್ತು. ನಾನು ಕಪ್ಪು ಕನ್ನಡಕ ಹಾಕಿಕೊಂಡು ಅವನ ಮೇಲೆ ಬಾಗಿದೆ. ಅವನು ನನ್ನನ್ನು ದಿಟ್ಟಿಸಿದ. ಕೆಳತುಟಿ ನಿಧಾನವಾಗಿ ಹೊರಗೆ ಬಂತು, ನಡುಗಿತು. ಆಮೇಲೆ ಬಂದ ಕಿರುಚು ನನ್ನ ತಲೆಯ ಈ ಬದಿಯಿಂದ ಆ ಬದಿಗೆ ಹಾದುಹೋಯಿತು. ಎತ್ತಿಕೊಂಡೆ, ಮೈ ಬಿಲ್ಲಾಗಿಸಿ ನನ್ನಿಂದ ದೂರ ಸೆಟೆದ. "ನಾನೋ, ಅತ್ತಿ" ಎಂದರೆ ಧ್ವನಿ ಪರಿಚಯದ್ದು, ಮುಖ ಯಾರದ್ದೋ. ಅವನು ಇನ್ನಷ್ಟು ಹೆದರಿದ.

ಕನ್ನಡಕ ತೆಗೆದೆ. ಅಳು ಬಿಕ್ಕಳಿಕೆಯಾಗಿ, ಬಿಕ್ಕಳಿಕೆ ನಗುವಾಯಿತು. ಆದರೆ ಬೆಳಕು ನೇರ ಒಳಗೆ ನುಗ್ಗಿತು. ಮತ್ತೆ ಹಾಕಿಕೊಂಡೆ, ಮತ್ತೆ ತುಟಿ ನಡುಗಿತು. ಕನ್ನಡಕ ಹಾಕಿದರೆ ಸದ್ದು, ತೆಗೆದರೆ ಬೆಳಕು. ಎರಡರಲ್ಲಿ ಯಾವುದನ್ನು ತಾಳಬಲ್ಲೆನೆಂದು ನನಗೇ ತಿಳಿಯಲಿಲ್ಲ. ಕೊನೆಗೆ ಬೆಳಕನ್ನೇ ಆರಿಸಿಕೊಂಡು, ಅವನನ್ನು ಅಡುಗೆಮನೆಯ ಹಾದಿಯ ಕತ್ತಲಲ್ಲಿ ಕೂರಿಸಿ ಬಾಗಿಲ ಚೌಕಟ್ಟಿಗೆ ಒರಗಿದೆ. ಅವನು ಅಲ್ಲಿ ಕೂರಲಿಲ್ಲ. ಗೋಡೆಯ ಬಿಳಿ ಪಟ್ಟಿಯತ್ತ ಖುಷಿಯಿಂದ ತೆವಳಿ ಹೋಗಿ ಎರಡೂ ಅಂಗೈಯಿಂದ ಅದನ್ನು ಬಡಿಯತೊಡಗಿದ. ಎತ್ತಿ ತಂದರೆ ಮತ್ತೆ ಅಲ್ಲಿಗೇ. ಮೂರನೆಯ ಸಲ ಎತ್ತಿದಾಗ ನನ್ನ ಮೊಣಕಾಲು ಕುಸಿಯಿತು. ಬೀಳಲಿಲ್ಲ, ಗೋಡೆ ಸಿಕ್ಕಿತು. ಅವನ ತಲೆ ಗೋಡೆಗೆ ಒಂದು ಗೇಣು ದೂರದಲ್ಲಿತ್ತು.

ನಮ್ಮದೇ ಮಹಡಿಯ ಎದುರು ಮನೆಯಲ್ಲಿ ಉಡುಪಿ ಕಡೆಯ ಆಂಟಿ ಇದ್ದಾರೆ. ಅವರ ಗಂಡ ಸಯನ್‌ನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಆಂಟಿಯ ಧ್ವನಿ ನಾಲ್ಕು ಮಹಡಿಗೆ ಕೇಳುತ್ತದೆ. ನಾನು ಅವರ ಬಾಗಿಲು ಬಡಿಯದೇ ಇದ್ದುದಕ್ಕೆ ಅದೂ ಒಂದು ಕಾರಣ. ಅಂದು ಕೂಸನ್ನು ಎದೆಗವಚಿಕೊಂಡು ಬಡಿದೆ.

"ಎಂತ ಆಯ್ತು ಮಾರಾಯ್ತಿ? ಮುಖ ಹಿಂಡಿದ ಬಟ್ಟೆ ಹಾಗೆ ಉಂಟಲ್ಲ!"

"ಆಂಟಿ, ಸ್ವಲ್ಪ ಮೆಲ್ಲಗೆ..."

"ಮೆಲ್ಲಗೇ ಅಲ್ವಾ ನಾನು ಹೇಳುದು! ಕೊಡು ಮಗುವನ್ನ. ಮೊದ್ಲೇ ಕರೀಬಾರ್ದಾ? ಇಲ್ಲೇ ಕೂತು ಸೀರಿಯಲ್ ನೋಡ್ತಾ ಇದ್ದೆ."

ಒಂದೊಂದು ಮಾತೂ ತಲೆಯೊಳಗೆ ಬಿದ್ದ ಪಾತ್ರೆಯಂತಿತ್ತು. ಆದರೂ ನನ್ನ ತೋಳಿನಿಂದ ಆ ಭಾರ ಇಳಿದಾಗ ನನಗೆ ಅಳು ಬಂತು. ಮಾತ್ರೆ ನುಂಗಿ ಒಳಕೋಣೆಯಲ್ಲಿ ಮಲಗಿದೆ.

ಎಚ್ಚರವಾದಾಗ ವೈನಿ ದೀಪ ಹಚ್ಚದೆ ಮಂಚದ ಅಂಚಿನಲ್ಲಿ ಕೂತಿದ್ದರು.

"ಆಂಟಿ ಹೇಳಿದ್ರು. ನನಗ ಫೋನಿನ್ಯಾಗ ಯಾಕ ಹೇಳಲಿಲ್ಲಬೇ?"

"ಸಂದರ್ಶನ ಬಿಟ್ಟು ಬರ್ತಿದ್ರಿ."

"ಬರ್ತಿದ್ದೆ. ಕೂಸು ನಂದಲ್ಲೇನು?" ನನ್ನ ಹೊದಿಕೆ ಸರಿಮಾಡುತ್ತ ಹೇಳಿದರು: "ಮುಂದಿನ ತಿಂಗಳಿಂದ ಬಾ ಅಂದಾರ. ಹ್ಞೂಂ ಅನ್ನಲೋ ಬ್ಯಾಡೋ, ನೀ ಹೇಳು."

ಆಗ ಎಲ್ಲವನ್ನೂ ಹೇಳಿದೆ: ಕಾಣದೇ ಹೋಗುವ ಕೆನ್ನೆ, ನಿದ್ದೆ ಬರಿಸುವ ಮಾತ್ರೆ, ಗೋಡೆಗೆ ಒಂದು ಗೇಣು ದೂರವಿದ್ದ ತಲೆ. ಗೇಣಿನ ವಿಷಯಕ್ಕೆ ಅವರು ಕಣ್ಣು ಮುಚ್ಚಿಕೊಂಡರು. ಕೂಸನ್ನು ನನ್ನ ಬಳಿ ಇನ್ನು ಬಿಡುವುದಿಲ್ಲ ಎಂದುಕೊಂಡೆ. ಹಾಗೆಂದರೆ ತಪ್ಪೂ ಅಲ್ಲ. ಅವರು ಎದ್ದುಹೋದರು.

ಬೆಳಿಗ್ಗೆ ನೋಡಿದರೆ ವೈನಿ ನನ್ನ ಕಪ್ಪು ಕನ್ನಡಕ ಹಾಕಿಕೊಂಡು ಕೂಸಿಗೆ ರಾಗಿ ಸರಿ ತಿನ್ನಿಸುತ್ತಿದ್ದರು. ಕೂಸು ಅತ್ತಿತು. ತೆಗೆದರು, ನಕ್ಕರು, ಮತ್ತೆ ಹಾಕಿಕೊಂಡರು. ಸಂಜೆ ಅಣ್ಣನ ಮೂಗಿನ ಮೇಲೂ ಅದೇ ಕನ್ನಡಕ.

"ಮನ್ಯಾಗ ಎಲ್ಲಾರಿಗೂ ಕಣ್ಣ ಬೇನಿ ಬಂದಂಗ ಕಾಣತೈತಿ," ಎಂದು ಅಣ್ಣ ಗೊಣಗಿದ.

"ಸುಮ್ಮನ ಹಾಕ್ಕೊಂಡ ಕೂಡ್ರಿ," ಎಂದರು ವೈನಿ.

ಈಗ ಅವರು ಕೆಲಸಕ್ಕೆ ಹೋಗುತ್ತಾರೆ. ನಮ್ಮ ಮನೆಯ ಕೀಲಿ ಎದುರು ಮನೆಯಲ್ಲೂ ಒಂದಿದೆ. ಮಿನುಗು ಕಂಡ ಕೂಡಲೇ ಬಾಗಿಲು ಬಡಿಯಬೇಕೆಂಬುದು ವೈನಿಯ ಷರತ್ತು. ಓದುತ್ತಿರುವಾಗ ಕಣ್ಣು ತಪ್ಪಿ ಒಂದು ಅಕ್ಷರ ಬಿಟ್ಟುಹೋದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಪುಟ ಮಡಚಿ, ಕೂಸಿನ ಎರಡೂ ಕೆನ್ನೆ ಕಾಣುತ್ತವೆಯೇ ಎಂದು ನೋಡುತ್ತೇನೆ.

ಕಳೆದ ವಾರ ಒಂದು ಕೆನ್ನೆ ಕಾಣಲಿಲ್ಲ. ಬಾಗಿಲು ಬಡಿದು ಬಂದೆ. ಆಂಟಿ ಒಲೆ ಆರಿಸಿ ಬರುವ ಮೊದಲೇ ಬಿಳಿ ಪಟ್ಟಿ ಗೋಡೆಗೆ ಬಂದಿತ್ತು. ಕನ್ನಡಕ ಹಾಕಿಕೊಂಡು ಕೂಸಿನ ಎದುರು ಕೂತು ಅವನ ಕೆಳತುಟಿಯನ್ನೇ ನೋಡಿದೆ. ಅದು ನಡುಗಲಿಲ್ಲ. ಅವನು ಕೈ ಚಾಚಿ ಕನ್ನಡಕ ಕಿತ್ತುಕೊಂಡು ಅದರ ಕಡ್ಡಿಯನ್ನು ಬಾಯಿಗಿಟ್ಟು ಚೀಪತೊಡಗಿದ. ನಾನು ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು, ಹೊರಗೆ ಆಂಟಿಯ ಚಪ್ಪಲಿಯ ಸದ್ದಿಗೆ ಕಾದೆ.